ಸೋಪಿನ ಸಾಲಿನಲ್ಲಿ ವಿಭೂತಿ

ಊಟಕ್ಕೆ ಕೂತಾಗ ಕಾಗದಪತ್ರ ಮುಟ್ಟಬಾರದೆಂಬುದು ಏಕಾಂತಪ್ಪನ ಮನೆಯ ಕಟ್ಟಳೆ. ಮಗ ಶಿವರಂಜನ್ ಅಂದು ಅದನ್ನು ಮುರಿದ. ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಸರ್ಕಾರಿ ಕಾಗದ.

“ಅಪ್ಪಾ, ಟ್ರೇಡ್‌ಮಾರ್ಕ್ ಆಫೀಸಿನವರು ಬರ್ದಾರ. ನಿಮ್ಮ ಸರಕು ಔಷಧ ಆಗಿದ್ರ ಔಷಧ ಮಾಡೂ ಲೈಸೆನ್ಸ್ ತೋರಸ್ರಿ, ಅಲ್ಲಂದ್ರ ಅದು ಏನು ಅಂತ ನೆಟ್ಟಗ ಹೇಳ್ರಿ ಅಂತ.”

“ಮೊದಲ ಉಣ್ಣು.”

“ಲೈಸೆನ್ಸ್ ಐತೇನು ನಮ್ಮ ಹತ್ರ?”

“ಪುಂಡಿ ಪಲ್ಲೆ ಐತಿ. ಉಣ್ಣು. ನಿಮ್ಮವ್ವ ಕೊಯಂಬೇಡು ಮಾರ್ಕೆಟ್ಟೆಲ್ಲ ತಿರುಗಿ ತಂದಾಳ.”

ಗಿರಿಜಾದೇವಿ ಒಲೆಯ ಮುಂದಿನಿಂದಲೇ ಹೇಳಿದಳು: “ಇಲ್ಲಿಯವರು ಅದಕ್ಕ ಪುಳಿಚ್ಚಕೀರೆ ಅಂತಾರ. ಹಂಗ ಕೇಳಿದ್ರನ ಸಿಗೂದು. ಪುಂಡಿ ಪುಂಡಿ ಅಂತ ಒದರಿದ್ರ ಯಾರು ಕೊಡ್ತಾರ?”

ಕಾಗದ ಬಂದದ್ದು ಅವಳ ಹೆಸರಿಗೇ. ಹೆಂಗಸರಿಗೆ ಕೊಡುವ ಬ್ಯಾಂಕ್ ಸಾಲಕ್ಕೆಂದು ಕಸುಬನ್ನು ಅವಳ ಹೆಸರಿನಲ್ಲಿ ಮಾಡಿದ್ದರು, ಅದರಿಂದ ಅರ್ಜಿಯೂ ಅವಳದೇ. ಹೆಸರು ಅವಳದು, ಮಾತು ಏಕಾಂತಪ್ಪನದು. ಚೆನ್ನೈಯ ಕೀಲ್ಪಾಕ್ ಆಸ್ಪತ್ರೆಯ ಹಿಂದಿನ ಓಣಿಯ ಆ ಎರಡು ಕೋಣೆಯ ಮನೆಯಲ್ಲಿ ಇದನ್ನು ಯಾರೂ ವಿಚಿತ್ರವೆಂದು ತಿಳಿದಿರಲಿಲ್ಲ.

ಕಸುಬು ವಿಭೂತಿಯದು. ಏಕಾಂತಪ್ಪನ ಮನೆತನ ಗದಗಿನ ಕಡೆಯದು. ಅಜ್ಜನ ಕಾಲದಿಂದ ಮಠಕ್ಕೆ ವಿಭೂತಿ ಮಾಡಿಕೊಡುವ ಕಾಯಕ. ಮದ್ರಾಸಿಗೆ ಗೋಡೌನ್ ಕೆಲಸಕ್ಕೆ ಬಂದವನು ಗೋಡೌನ್ ಮುಚ್ಚಿದ ಮೇಲೆ ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ತಿರುಗಿದ. ತಾಂಬರಂ ಆಚೆ ಒಂದು ಗೋಶಾಲೆಯ ಹಿಂದೆ ಶೆಡ್ಡು ಹಿಡಿದ. ಸಗಣಿಯ ಕುಳ್ಳು ಸುಡಬೇಕು, ಬೂದಿಯನ್ನು ನೀರಿಗೆ ಹಾಕಿ ಬಟ್ಟೆಯಲ್ಲಿ ಸೋಸಬೇಕು, ತಳಕ್ಕಿಳಿದ ಮೇಲೆ ನೀರು ಬಸಿದು ಉಳಿದ ಗಟ್ಟಿಯನ್ನು ಉಂಡೆ ಕಟ್ಟಿ ಒಣಗಿಸಬೇಕು. ಉಂಡೆ ಹಸಿಯಿರುವಾಗ ಏಕಾಂತಪ್ಪ ಅದರ ಮೇಲೆ ಬಲಗೈಯ ಮೂರು ಬೆರಳು ಒತ್ತುತ್ತಿದ್ದ. ಅವನ ಅಪ್ಪನೂ ಒತ್ತುತ್ತಿದ್ದ, ಅಜ್ಜನೂ ಒತ್ತುತ್ತಿದ್ದ. ಪುರಸವಾಕ್ಕಂ, ಮೈಲಾಪುರದ ಅಂಗಡಿಗಳಲ್ಲಿ ಜನ “ಮೂಣು ವೆರಲ್ ವಿಭೂತಿ” ಎಂದೇ ಕೇಳುತ್ತಿದ್ದರು. ಮೂರು ಬೆರಳಿನ ಚಿತ್ರದ ಕಾಗದದ ಪೆಟ್ಟಿಗೆಯಲ್ಲಿ ತುಂಬಿ, ಸೌಕಾರ್‌ಪೇಟೆಯಲ್ಲಿ ಪೂಜಾಸಾಮಾನಿನ ಸಗಟು ವ್ಯಾಪಾರ ಮಾಡುವ ಹರಿದಾಸನಿಗೆ ಕೊಡುತ್ತಿದ್ದರು. ಊರ ತುಂಬ ಹಂಚುವವನು ಅವನು. ಆ ಮೂರು ಬೆರಳನ್ನು ಮತ್ತೊಬ್ಬರು ಬಳಸದಂತೆ ನೋಂದಾಯಿಸಿಕೊಡಿ ಎಂಬುದು ಅರ್ಜಿ.

ಅರ್ಜಿ ಕೆಟ್ಟದ್ದು ಎರಡು ವರ್ಷದ ಹಿಂದೆ, ಎಗ್ಮೋರಿನ ಟ್ರೇಡ್‌ಮಾರ್ಕ್ ಏಜೆಂಟ್ ಅರವಿಂದನ ಆಫೀಸಿನಲ್ಲಿ. ಅರವಿಂದ್ ಮೈಸೂರು ಕಡೆಯ ಬ್ಯಾಂಕ್ ನೌಕರರೊಬ್ಬರ ಮಗ. ವರ್ಗಗಳ ಪಟ್ಟಿ ತೆರೆದು ಮುಂದಿಟ್ಟಿದ್ದ.

“ಅರ್ಜೀಲಿ ಎರಡು ವಿಷಯ ಸರಿಯಾಗಿರಬೇಕು ಸಾರ್. ಸರಕು ಏನು ಅನ್ನೋದು, ಅದು ಯಾವ ವರ್ಗ ಅನ್ನೋದು. ವಿಭೂತಿ ಮೂರನೇ ವರ್ಗಕ್ಕೆ ಬರುತ್ತೆ.”

“ಅದರಾಗ ಮತ್ತ ಯಾರ್ಯಾರು ಅದಾರ?” ಬಾಡಿಗೆ ಮನೆ ನೋಡಲು ಹೋದವನಂತೆ ಏಕಾಂತಪ್ಪ ಕೇಳಿದ್ದ.

“ಸೋಪು, ಸೆಂಟು, ಮುಖದ ಪೌಡರು, ತುಟಿಗೆ ಹಚ್ಚೋ ಬಣ್ಣ, ಹಲ್ಲುಪುಡಿ, ಊದುಬತ್ತಿ…”

“ಪಾಯಿಖಾನಿ ತೊಳಿಯೂ ಪುಡಿ?”

ಅರವಿಂದ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ತೊಳೆಯೋ ಪುಡಿ, ಉಜ್ಜೋ ಪುಡಿ ಎಲ್ಲಾ ಅಲ್ಲೇ ಸಾರ್.”

ಏಕಾಂತಪ್ಪ ಎದ್ದು ನಿಂತಿದ್ದ. “ನಡಿಯೋ ಶಿವ್ಯಾ.”

“ಇದು ಬರೀ ವಿಂಗಡಣೆ ಸಾರ್. ಪೋಸ್ಟಾಫೀಸಿನಲ್ಲಿ ಕಾಗದ ಹಾಕೋ ಗೂಡು ಇದ್ದ ಹಾಗೆ. ಯಾವ ಗೂಡಿಗೆ ಹಾಕಿದ್ರೆ ಕಾಗದಕ್ಕೇನು ಅವಮಾನ?”

“ಕಾಗದಕ್ಕ ಇಲ್ಲ. ವಿಭೂತಿಗೆ ಐತಿ. ಅಷ್ಟಾವರಣದಾಗ ಒಂದು ಅದು. ಗುರು, ಲಿಂಗ, ಜಂಗಮದ ಸಾಲಿನಾಗ ಕುಂತದ್ದನ್ನ ನಾ ಪಾಯಿಖಾನಿ ಪುಡಿ ಸಾಲಿನಾಗ ಕುಂದ್ರಸಂಗಿಲ್ಲ.”

ಪಟ್ಟಿಯಲ್ಲಿ ಐದನೇ ವರ್ಗ ಔಷಧದ್ದು. ಏಕಾಂತಪ್ಪ ಅದರ ಮೇಲೆ ಬೆರಳಿಟ್ಟ. ತಲೆನೋವಿಗೆ ಹಚ್ಚುತ್ತಾರೆ, ಜ್ವರಕ್ಕೆ ಹಚ್ಚುತ್ತಾರೆ, ಕೂಸು ಬೆದರಿದರೆ ಹಚ್ಚುತ್ತಾರೆ. ಔಷಧವೆಂದೇ ಬರೆ ಎಂದ. ಮುಂದೆ ತೊಂದರೆಯಾಗುತ್ತದೆಂದು ಅರವಿಂದ್ ಹೇಳಿ ನೋಡಿದ. ಕೊನೆಗೆ ಸರಕಿನ ವಿವರ ಕೇಳಿದ್ದ ಜಾಗದಲ್ಲಿ ‘ಹಣೆಗೆ ಲೇಪಿಸುವ ಔಷಧೀಯ ಭಸ್ಮ’ ಎಂದು ಬರೆದ. ವರ್ಗ ಐದು ಎಂದು ಹಾಕಿದ. ವಿಭೂತಿ ಎಂಬ ಮಾತು ಅರ್ಜಿಯಲ್ಲಿ ಎಲ್ಲೂ ಬರಲಿಲ್ಲ. ಗಿರಿಜಾದೇವಿ ತೋರಿಸಿದಲ್ಲಿ ಸಹಿ ಮಾಡಿದಳು.

ಈಗ ೨೦೦೫ರ ಬೇಸಿಗೆಯಲ್ಲಿ ಅದಕ್ಕೆ ಉತ್ತರ ಬಂದಿತ್ತು.

ಮರುದಿನ ಶಿವರಂಜನ್ ಎಗ್ಮೋರಿಗೆ ಹೋದ. ಅರವಿಂದ್ ಕಾಗದ ಓದಿ ಮೇಜಿನ ಮೇಲಿಟ್ಟ.

“ವರ್ಗ ಒಂದೇ ತಪ್ಪಾಗಿದ್ರೆ ತಿದ್ದಿಕೊಡಿ ಅಂತ ಕೇಳಬಹುದಿತ್ತು. ನಾವು ಸರಕನ್ನೇ ಔಷಧ ಅಂತ ಬರೆದುಬಿಟ್ಟಿದ್ದೀವಿ. ಎರಡನ್ನೂ ಬದಲಾಯಿಸಿದ್ರೆ ಅದು ತಿದ್ದೋದಲ್ಲ, ಬೇರೆ ಅರ್ಜಿ. ಹೊಸದಾಗಿ ಹಾಕೋಣ. ಸರಕು ವಿಭೂತಿ, ವರ್ಗ ಮೂರು. ಅಮ್ಮನ ಸಹಿ ಸಾಕು.”

“ಎಷ್ಟು ಅವಸರ ಐತ್ರಿ?”

“ಆ ವರ್ಗದಲ್ಲಿ ಮೂರು ಬೆರಳು ಯಾರ ಹೆಸರಲ್ಲೂ ಇಲ್ಲ. ನೋಡಿಸಿದ್ದೀನಿ. ಇದು ಇವತ್ತಿನ ಮಾತು. ನಾಳೇದು ನಂಗೊತ್ತಿಲ್ಲ.”

ಶಿವರಂಜನ್ ಹೊಸ ಅರ್ಜಿಯನ್ನು ಮನೆಗೆ ತಂದ. ಗಿರಿಜಾದೇವಿ ಪೆಟ್ಟಿಗೆ ಮಡಿಸುತ್ತ ಕೂತಿದ್ದಳು. ಸುತ್ತ ಮೂರು ಬೆರಳಿನ ಚಿತ್ರಗಳು ರಾಶಿ ಬಿದ್ದಿದ್ದವು.

“ಅವ್ವ, ಇಲ್ಲಿ ಸೈನ್ ಮಾಡು.”

“ನಿಮ್ಮಪ್ಪ ಹೂಂ ಅನ್ಲಿ.”

“ಅರ್ಜಿದಾರಳು ನೀ.”

“ಹೇಣ್ತಿನೂ ನಾನ.”

“ಅಪ್ಪಾ, ಹೂಂ ಅನ್ರಿ.”

ಏಕಾಂತಪ್ಪ ಗೋಡೆಗೊರಗಿ ಕಾಲು ನೀವಿಕೊಳ್ಳುತ್ತಿದ್ದ. ತಾಂಬರಂ ಟ್ರೇನಿನಲ್ಲಿ ಚೇತ್‌ಪಟ್‌ವರೆಗೆ ನಿಂತೇ ಬಂದಿದ್ದ. “ಅನ್ನಂಗಿಲ್ಲ,” ಎಂದ.

ಆ ವರ್ಷ ನಲ್ಲಿಯಲ್ಲಿ ನೀರಿರಲಿಲ್ಲ. ಓಣಿಯ ಬಾಯಿಗೆ ಲಾರಿ ಬರುತ್ತಿತ್ತು. ಸೊಸೆ ಭವಾನಿ ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತಿದ್ದಳು. ಅವಳು ಪೆರಂಬೂರಿನ ರೈಲ್ವೆ ಕನ್ನಡಿಗರ ಮನೆಯವಳು, ಚೆನ್ನೈಯಲ್ಲೇ ಬೆಳೆದವಳು, ಅಣ್ಣಾ ನಗರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳು. ನೀರು ತುಂಬಿ, ಅಡುಗೆಗೆ ಕೈ ಹಾಕಿ, ಬಸ್ಸು ಹಿಡಿಯಬೇಕು. ಒಂದು ಭಾನುವಾರ ಅವಳು ತಂದ ನೀರಿನಲ್ಲಿ ಸ್ನಾನ ಮುಗಿಸಿ ಏಕಾಂತಪ್ಪ ಪೂಜೆಗೆ ಹೊರಟ. ಮೈಯಿಂದ ಗಂಧದ ಸೋಪಿನ ವಾಸನೆ.

“ಮಾವ, ಒಂದು ಮಾತು. ಪೂಜೆಗೆ ಮುಂಚೆ ಮೈಗೆ ಏನು ಹಾಕ್ಕೊಂಡ್ರಿ?”

“ಸೋಪು.”

“ಅದು ಎಷ್ಟನೇ ವರ್ಗ ಮಾವ?”

ಶಿವರಂಜನ್ ನಕ್ಕುಬಿಟ್ಟ. ಅದು ತಪ್ಪಾಯಿತು. ಭವಾನಿ ಒಬ್ಬಳೇ ಅಂದಿದ್ದರೆ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು.

“ಬಣ್ಣ ಬಳಿಯೂ ಅಂಗಡ್ಯಾಗ ದುಡಿಯೂ ಹೆಣ್ಮಗಳು ನನಗ ವರ್ಗ ಕಲಸ್ತಾಳು. ನೀ ನಗು.”

“ಬಣ್ಣದ ಅಂಗಡೀನೇ ಮಾವ. ಕ್ರೀಮು, ಪೌಡರು, ಎಲ್ಲಾ ಅದೇ ಮೂರನೇ ವರ್ಗ. ಹೋದ ವರ್ಷದಿಂದ ಈ ಮನೆಗೆ ಅಕ್ಕಿ ಬರ್ತಾ ಇರೋದು ಅದರಲ್ಲೇ. ತಿಂತಾ ಇದ್ದೀರ, ಇಲ್ಲೆಯಾ?”

“ಭವಾನಿ!” ಎಂದಳು ಗಿರಿಜಾದೇವಿ.

“ಸುಳ್ಳಾ ಅತ್ತೆ? ಬ್ಯಾಂಕ್ ಕಂತು ವಿಭೂತೀಲಿ ಹೋಗುತ್ತೆ, ಶೆಡ್ ಬಾಡಿಗೆ ವಿಭೂತೀಲಿ ಹೋಗುತ್ತೆ. ಅನ್ನ ಎಲ್ಲಿಂದ ಬರುತ್ತೆ? ಶೊಲ್ಲುಂಗ, ಹೇಳಿ.”

ಏಕಾಂತಪ್ಪ ಸೋಪನ್ನು ಬಚ್ಚಲಿನಿಂದ ತಂದು ಓಣಿಯ ಚರಂಡಿಗೆ ಎಸೆದು ಬಂದ.

“ಗಿರಿಜಾ, ಇವತ್ತಿಂದ ನನ್ನ ಅನ್ನ ಬ್ಯಾರೆ ಮಾಡು. ವಿಭೂತಿಯಿಂದ ಬಂದದ್ದಷ್ಟ ನಾ ಉಣ್ಣಾವ.”

“ಒಲಿ ಒಂದ ಐತ್ರಿ.”

“ಪಾತ್ರಿ ಎರಡು ಅದಾವಲ್ಲ.”

ಆ ಸಂಜೆಯೇ ಅವನು ರೇಷನ್ ಅಂಗಡಿಯಿಂದ ಅಕ್ಕಿ ತಂದು ಹಳೆಯ ಬಿಸ್ಕತ್ ಡಬ್ಬಿಯಲ್ಲಿ ತುಂಬಿ, ಲಿಂಗಪೂಜೆಯ ಹಲಗೆಯ ಕೆಳಗೆ ಇಟ್ಟುಕೊಂಡ. ಸೋಪಿನ ಬದಲು ಕಡಲೆಹಿಟ್ಟು ಬಂತು. ಗಿರಿಜಾದೇವಿ ದೊಡ್ಡ ಪಾತ್ರೆ ಇಳಿಸಿ ಸಣ್ಣ ಪಾತ್ರೆ ಇಡುವಳು. ಸಾರು ಮಾತ್ರ ಎರಡು ಮಾಡಲಾಗದೆಂದು ಕೈಚೆಲ್ಲಿದಳು. ಏಕಾಂತಪ್ಪ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡ. ಮಜ್ಜಿಗೆ ಗೋಶಾಲೆಯದು, ಬೂದಿಗೆ ಸಗಣಿ ತರುವಾಗ ಅವರು ಪುಕ್ಕಟೆ ಕೊಡುತ್ತಿದ್ದರು. ಅವನ ಮುಖ ಇಳಿಯಿತು. ಅರ್ಜಿ ದೇವರ ಹಲಗೆಯ ಮೇಲೆ ಬಿದ್ದಿತ್ತು.

“ಹಟ ಮಾಡಿ ಸಾಯ್ತಾರ ಇವರು,” ಎಂದು ಶಿವರಂಜನ್ ತಾಯಿಗೆ ಹೇಳಿದ.

“ನೀನರ ಬಾಯಿ ಬಿಗಿ ಹಿಡಿ.”

ಅವನು ಹಿಡಿಯಲಿಲ್ಲ. ತಮಿಳರ ಆಡಿ ತಿಂಗಳು ಹತ್ತಿರ ಬಂದಿತ್ತು. ಆಡಿಯಲ್ಲಿ ಚೆನ್ನೈಯ ಬೀದಿಬೀದಿಯ ಅಮ್ಮನ ಗುಡಿಗಳಿಗೆ ವಿಭೂತಿ, ಕುಂಕುಮ ಹೋಗುತ್ತದೆ. ವರ್ಷದ ದೊಡ್ಡ ಆರ್ಡರು ಅದು. ಕೇಳಿಕೊಂಡು ಬರಲು ಶಿವರಂಜನ್ ಸೌಕಾರ್‌ಪೇಟೆಗೆ ಹೋದ. ಹರಿದಾಸನ ಮನೆಯವರು ಮೂರು ತಲೆಮಾರಿನ ಹಿಂದೆ ಉಡುಪಿ ಕಡೆಯಿಂದ ಬಂದವರು. ಮನೆಮಾತು ಕನ್ನಡ, ಲೆಕ್ಕದ ಮಾತು ತಮಿಳು. ಅವನು ಹುಡುಗನನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿಕೊಂಡು ಬಾದಾಮಿ ಹಾಲು ತರಿಸಿದ.

“ಯಾಕಪ್ಪಾ, ಮುಖ ಜೋಲು ಹಾಕಿದೀಯ?”

ಶಿವರಂಜನ್ ಹೇಳಿಬಿಟ್ಟ. ಔಷಧ, ಲೈಸೆನ್ಸು, ಸೋಪು, ಎರಡು ಪಾತ್ರೆ, ಎಲ್ಲ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳದ್ದನ್ನು ಒಬ್ಬ ದೊಡ್ಡ ಮನುಷ್ಯ ತಲೆಯಾಡಿಸುತ್ತ ಕೇಳುತ್ತಿದ್ದ.

“ಅಂದ್ರೆ ಮೂರನೇ ವರ್ಗ ಖಾಲಿ ಇದೆ?”

“ಖಾಲಿನ ಐತ್ರಿ. ನಮ್ಮಪ್ಪನ ತಲಿ ಇದ್ದಂಗ.”

ಹರಿದಾಸ ನಗಲಿಲ್ಲ. ಲೋಟದ ತಳದ ಕೆನೆಯನ್ನು ಬೆರಳಿನಿಂದ ತೆಗೆದು ತಿಂದ. “ಅಪ್ಪನ ಹತ್ರ ಹಾಗೆಲ್ಲ ಮಾತಾಡಬೇಡ ಕಣಪ್ಪಾ. ದೊಡ್ಡೋರು. ನಿಧಾನಕ್ಕೆ ದಾರಿಗೆ ಬರ್ತಾರೆ. ಆರ್ಡರಿಗೆ ಮುಂದಿನ ವಾರ ಬಾ.”

ಮುಂದಿನ ವಾರ ಹೋದಾಗ ಹರಿದಾಸ ಇರಲಿಲ್ಲ. ಅದರ ಮುಂದಿನ ವಾರ ಇದ್ದ, ಆರ್ಡರು ಇರಲಿಲ್ಲ. ಶೆಡ್ಡಿನಲ್ಲಿ ಒಣಗಿದ ಉಂಡೆಗಳು ಗೋಡೆಯ ಅರ್ಧದವರೆಗೆ ಬಂದವು. ಬ್ಯಾಂಕಿನಿಂದ ಒಬ್ಬ ಮನುಷ್ಯ ಬಂದು ಬಾಗಿಲಲ್ಲೇ ನಿಂತು ಗಿರಿಜಾದೇವಿಯ ಹೆಸರು ಜೋರಾಗಿ ಕೂಗಿ ಹೋದ. ಅಕ್ಕಪಕ್ಕದವರು ಕೇಳಿಸಿಕೊಂಡರು.

ಬಿಸ್ಕತ್ ಡಬ್ಬಿಯ ತಳ ಕಂಡಿತು. ಏಕಾಂತಪ್ಪನಿಗೆ ಅದು ಗೊತ್ತಾಗಲಿಲ್ಲ. ಅವನು ಡಬ್ಬಿ ತೆರೆಯುವವನಲ್ಲ, ಉಣ್ಣುವವನು. ಗಿರಿಜಾದೇವಿ ಭವಾನಿಯ ಅಕ್ಕಿಚೀಲದಿಂದ ಬೊಗಸೆಯಲ್ಲಿ ತೆಗೆದು ಡಬ್ಬಿಗೆ ಹಾಕುವಾಗ ಸೊಸೆ ನೋಡಿದಳು.

“ಅತ್ತೆ, ಅದು ಪಾರ್ಲರ್ ಅಕ್ಕಿ.”

“ಬೆಂದ ಮ್ಯಾಲೆ ಗೊತ್ತಾಗಂಗಿಲ್ಲ. ಸುಮ್ನಿರು.”

“ಅವರಿಗೆ ಗೊತ್ತಾದ್ರೆ?”

“ಉಪವಾಸ ಬೀಳ್ತಾರ. ಅದಕ್ಕ ಸುಮ್ನಿರು ಅಂದೆ.”

ಭವಾನಿ ಸುಮ್ಮನಿದ್ದಳು. ಗಂಡನಿಗೂ ಹೇಳಲಿಲ್ಲ. ಮರುದಿನದಿಂದ ಅತ್ತೆ ಕೇಳುವ ಮುಂಚೆಯೇ ಚೀಲದ ಬಾಯಿ ಬಿಚ್ಚಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

ಅಪ್ಪ ಮಗನ ಜಗಳ ಮಾತ್ರ ದಿನವೂ ನಡೆಯಿತು. ಆಡಿಯ ಮೊದಲ ಶುಕ್ರವಾರ ಓಣಿಯ ಕೊನೆಯ ಅಮ್ಮನ ಗುಡಿಯಲ್ಲಿ ಹರಕೆಯ ಅಂಬಲಿ ಹಂಚುತ್ತಿದ್ದರು. ಲೌಡ್‌ಸ್ಪೀಕರಿನ ಸದ್ದಿಗೆ ಮನೆಯ ಪಾತ್ರೆಗಳು ನಡುಗುತ್ತಿದ್ದವು. ಮಧ್ಯಾಹ್ನದ ಊಟಕ್ಕೆ ನಾಲ್ವರೂ ಇದ್ದರು. ಶಿವರಂಜನ್ ತಟ್ಟೆ ಸರಿಸಿ ಎದ್ದ.

“ನಾನು, ಭವಾನಿ ಪೆರಂಬೂರಿಗೆ ಹೊಂಟ್ವಿ. ಅವರವ್ವನ ಮನಿಗೆ.”

“ನನ್ನ ಕೇಳ್ದೇನೇ?” ಎಂದಳು ಭವಾನಿ.

“ಹೋಗು,” ಎಂದ ಏಕಾಂತಪ್ಪ. “ನನ್ನ ಕೈಯಾಗ ಮೂರು ಬೆರಳರ ಅದಾವ. ನಿನ್ನ ಕೈಯಾಗ ಏನೈತಿ? ಮಾವನ ಮನಿ ಉಪ್ಪಿಟ್ಟು.”

“ಗುಡಿಗೆ ಇವತ್ತ ಯಾವ ವಿಭೂತಿ ಬಂದೈತಿ ನೋಡಿ ಬರ್ರಿ. ನಮ್ಮದಲ್ಲ. ನಿಮ್ಮ ಬೆರಳು ತಾಂಬರಂ ಶೆಡ್ಡಿನ್ಯಾಗ ಧೂಳು ತಿನ್ನಾಕತ್ತಾವ.”

“ತಿನ್ಲಿ. ಸೋಪಿನ ಜೋಡಿ ಕುಂದ್ರೂದಕ್ಕಿಂತ ಧೂಳು ಪಾಡ.”

“ಅವ್ವ, ಸೈನ್ ಮಾಡ್ತಿಯೋ ಇಲ್ಲೋ? ಇಲ್ಲಂದ್ರ ನಾ ಇವತ್ತ ಹೊಂಟೆ.”

“ಆಕಿ ಮಾಡಂಗಿಲ್ಲ,” ಎಂದ ಏಕಾಂತಪ್ಪ, ತುತ್ತು ಕಲಸುತ್ತ. “ವಿಭೂತಿ ಅನ್ನ ಉಂಡ ಮನಿ ಇದು. ಈಗೂ ನಾ ಅದನ್ನ ಉಣ್ಣಾಕತ್ತೇನಿ.”

“ಇಲ್ಲ,” ಎಂದಳು ಗಿರಿಜಾದೇವಿ.

“ಏನು ಇಲ್ಲ?”

“ನೀವು ಉಣ್ಣಾಕತ್ತಿದ್ದು ಭವಾನಿ ಅಕ್ಕಿ. ನಿಮ್ಮ ಡಬ್ಬಿ ಎಂದೋ ಮುಗದೈತಿ. ವಿಭೂತಿಯಿಂದ ರೊಕ್ಕ ಬಂದು ಎಷ್ಟು ದಿನಾತು ಅಂತ ನೀವು ಒಂದ ಸಲನೂ ಕೇಳ್ಲಿಲ್ಲ. ಡಬ್ಬಿ ಹೆಂಗ ತುಂಬತೈತಿ ಅಂತನೂ ಕೇಳ್ಲಿಲ್ಲ.”

ಹೊರಗೆ ಲೌಡ್‌ಸ್ಪೀಕರ್ ಒಂದೇ ಸಮನೆ ಕೂಗುತ್ತಿತ್ತು. ಏಕಾಂತಪ್ಪನ ಕೈ ಅನ್ನದಲ್ಲೇ ನಿಂತಿತು. ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಆ ಮನೆತನದಲ್ಲಿ ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದು ಅಗುಳು ಬಿಡುವಂತಿಲ್ಲ, ಉಂಡ ಮೇಲೆ ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಏಕಾಂತಪ್ಪ ಹುಟ್ಟಿದಂದಿನಿಂದ ಅದನ್ನು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಅವನು ತಟ್ಟೆಯನ್ನು ನೋಡಿದ, ಸೊಸೆಯನ್ನು ನೋಡಲಿಲ್ಲ. ಉಳಿದದ್ದನ್ನು ಮೆಲ್ಲಗೆ ಉಂಡ. ನೀರು ಹಾಕಿ ಬೆರಳಿನಿಂದ ತಟ್ಟೆ ಬಳಿದ. ಎತ್ತಿ ಕುಡಿದ.

“ಏನ್ ಬೇಕೋ ಬರಕೋರಿ,” ಎಂದ. ಎದ್ದು ಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತ.

ಗಿರಿಜಾದೇವಿ ಸೋಮವಾರ ಮಗನ ಜೊತೆ ಎಗ್ಮೋರಿಗೆ ಹೋದಳು. ಹಲಗೆಯ ಮೇಲೆ ಬಿದ್ದಿದ್ದ ಅರ್ಜಿಯನ್ನು ಅರವಿಂದನ ಮುಂದಿಟ್ಟರು. ಸರಕು: ವಿಭೂತಿ. ವರ್ಗ: ಮೂರು. ಅವಳು ಈ ಸಲ ಓದಿಸಿ ಕೇಳಿ ಸಹಿ ಮಾಡಿದಳು.

“ಸಲ್ಲಿಸೋ ಮುಂಚೆ ಇನ್ನೊಂದು ಸಲ ನೋಡಿಸಿಬಿಡ್ತೀನಿ ಅಮ್ಮ. ಊಟ ಮಾಡಿ ಬನ್ನಿ.”

ಅವರು ಊಟ ಮಾಡಲಿಲ್ಲ. ಹೊರಗಿನ ಅಂಗಡಿಯಲ್ಲಿ ಒಂದು ಟೀಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕುಡಿದರು. ವಾಪಸು ಬಂದಾಗ ಅರವಿಂದ್ ಫೋನ್ ಕೆಳಗಿಟ್ಟ.

“ಬೇರೆಯವರು ಹಾಕಿದ್ದಾರೆ.”

“ಏನು?”

“ಮೂರು ಬೆರಳು. ವಿಭೂತಿ, ಕುಂಕುಮ, ಊದುಬತ್ತಿ. ಮೂರನೇ ವರ್ಗ. ಕಳೆದ ತಿಂಗಳು. ಬಹಳ ಸರಿಯಾಗಿ ಬರೆಸಿದ್ದಾರೆ.”

“ಯಾರ್ರಿ?” ಎಂದಳು ಗಿರಿಜಾದೇವಿ.

ಅರವಿಂದ್ ಹೆಸರು ಬರೆದುಕೊಂಡಿದ್ದ ಚೀಟಿಯನ್ನು ಶಿವರಂಜನನ ಕಡೆ ತಿರುಗಿಸಿದ. ಶಿವರಂಜನ್ ಓದಿದ. ಓದಿ ಕುರ್ಚಿಯಲ್ಲಿ ಕೂತವನು ತಾಯಿ ಭುಜ ಹಿಡಿದು ಅಲುಗಿಸಿದರೂ ಏಳಲಿಲ್ಲ.

“ಯಾರಂತ ಹೇಳೋ!”

“ನಾನ ಹೇಳಿ ಬಂದೆ ಅವ್ವ. ಬಾದಾಮಿ ಹಾಲು ಕುಡದು ಹೇಳಿ ಬಂದೆ.”

ಏಕಾಂತಪ್ಪ ಅಷ್ಟು ವರ್ಷಗಳಲ್ಲಿ ಹರಿದಾಸನ ಅಂಗಡಿ ಹತ್ತಿದವನಲ್ಲ. ಸರಕು ಮಗನೇ ಒಯ್ಯುತ್ತಿದ್ದ. ಮರುದಿನ ಹಣೆಗೆ ಮೂರು ಗೆರೆ ಎಳೆದುಕೊಂಡು, ಒಗೆದ ಧೋತರ ಉಟ್ಟು ಅವನೇ ಹೋದ. ಮಗನೂ ಹಿಂದೆ ಬಂದ. ಹರಿದಾಸ ಎದ್ದು ಕೈ ಮುಗಿದ. ಕುರ್ಚಿ ಹಾಕಿಸಿದ. ಏಕಾಂತಪ್ಪ ಕೂರಲಿಲ್ಲ.

“ಅವು ನನ್ನ ಬೆರಳು.”

“ನಿಮ್ಮ ಬೆರಳು ನಿಮ್ಮ ಹತ್ರಾನೇ ಇರಲಿ ಅಯ್ಯಾ. ನಾನು ಕೇಳಿರೋದು ಚಿತ್ರ.”

“ಇಷ್ಟು ವರ್ಷ ನನ್ನ ಉಪ್ಪು ಉಂಡು…”

“ಕೋಪ ಮಾಡ್ಕೋಬೇಡಿ. ತಾಂಬರಂ ಟ್ರೇನಲ್ಲಿ ಓಡಾಡೋರು ನೀವು. ಸೀಟಿಗೆ ಟವಲ್ ಹಾಕ್ತಾರೆ ಅಲ್ವಾ? ನೀವು ಟವಲ್ ಹಾಕಿದ್ದು ಬೇರೆ ಬೋಗಿಗೆ. ಈ ಬೋಗೀಲಿ ಸೀಟು ಖಾಲಿ ಇತ್ತು. ನಾನಲ್ಲದಿದ್ರೆ ಇನ್ನೊಬ್ಬ ಕೂರ್ತಿದ್ದ.”

“ಮೊದಲಿಂದ ಮಾರಾಕತ್ತವರು ನಾವ್ರಿ!” ಶಿವರಂಜನ್ ಕೂಗಿದ. “ಅದನ್ನ ನಾವು ತೋರಸ್ತೇವಿ.”

“ಏನು ತೋರಿಸ್ತೀಯ?” ಹರಿದಾಸ ಗಲ್ಲಾಪೆಟ್ಟಿಗೆಯ ಖಾನೆಯಿಂದ ಹಳೆಯ ರಸೀದಿಗಳನ್ನು ತೆಗೆದು ಹಾಕಿದ. ಎಲ್ಲ ಏಕಾಂತಪ್ಪನ ಕೈಬರಹದವು. ವಿಭೂತಿ ಮಾರುವುದು ಪಾಪವೆಂದು ಅವನು ಬಿಲ್ಲು ಮಾಡುತ್ತಿರಲಿಲ್ಲ. ಪ್ರತಿಯೊಂದರ ಮೇಲೂ ಒಂದೇ ಸಾಲು: ‘ಭಕ್ತಿ ಕಾಣಿಕೆ ಮುಟ್ಟಿತು.’ “ಇದರಲ್ಲಿ ವಿಭೂತಿ ಎಲ್ಲಿದೆ? ಮೂರು ಬೆರಳು ಎಲ್ಲಿದೆ? ನಾನು ಕಾಣಿಕೆ ಕೊಟ್ಟೆ, ನೀವು ಪ್ರಸಾದ ಕೊಟ್ರಿ. ವ್ಯಾಪಾರ ಮಾಡಿದ್ದು ನಾನು. ನನ್ನ ಬಿಲ್ಲಲ್ಲಿ ಮೂರು ಬೆರಳು ವಿಭೂತಿ ಅಂತಾನೇ ಇದೆ, ವರ್ಷ ವರ್ಷದ್ದೂ ಇದೆ.”

ಅರವಿಂದನೂ ಹೆಚ್ಚು ಆಸೆ ಕೊಡಲಿಲ್ಲ. ಹರಿದಾಸನ ಅರ್ಜಿ ಪ್ರಕಟವಾದ ಮೇಲೆ ತಕರಾರು ಹಾಕಬಹುದು ಎಂದ. ವಕೀಲರು ಬೇಕು, ವರ್ಷಗಳು ಹಿಡಿಯುತ್ತವೆ. “ಅವರು ಮೊದಲು ತೋರಿಸೋದು ನಮ್ಮ ಹಳೇ ಅರ್ಜೀನೇ. ನೋಡಿ, ಇವರ ಸರಕು ವಿಭೂತಿ ಅಲ್ಲ, ಔಷಧ ಅಂತ ಇವರೇ ಸಹಿ ಮಾಡಿದ್ದಾರೆ ಅಂತಾರೆ. ಗೆಲ್ಲೋದೇ ಇಲ್ಲ ಅಂತ ಹೇಳಲ್ಲ ಅಮ್ಮ. ಅಲ್ಲೀವರೆಗೆ ಹೊಟ್ಟೆಗೆ ಏನು ಮಾಡ್ತೀರ?”

ಬ್ಯಾಂಕಿನ ಮನುಷ್ಯ ಮತ್ತೆ ಬಂದ. ಭವಾನಿ ಕೈಬಳೆ ಬಿಚ್ಚಿ ಅತ್ತೆಯ ಕೈಗಿಟ್ಟಳು. ಗಿರಿಜಾದೇವಿ ಅದನ್ನು ತಿರುಗಿಸಿ ಸೊಸೆಯ ಕೈಗೇ ಹಾಕಿದಳು.

“ಇದನ್ನ ತಿಂದು ಎಷ್ಟು ದಿವಸ? ಹರಿದಾಸ ಏನಂತಾನ ಕೇಳ್ಕೊಂಡು ಬಾ ಅಂತ ನಿನ್ನ ಗಂಡಗ ಹೇಳು.”

“ಅತ್ತೆ! ಆ ಮನುಷ್ಯನ ಹತ್ರನಾ?”

“ಮತ್ತ ಯಾರ ಹತ್ರ ಐತಿ ಗಿರಾಕಿ?”

ಹರಿದಾಸ ಒಪ್ಪಿದ. ಶೆಡ್ಡು ಅವರದೇ ಇರಲಿ, ವಿಭೂತಿ ಅವರೇ ಮಾಡಲಿ, ಕೂಲಿ ಕೊಡುತ್ತೇನೆ ಎಂದ. ಪೆಟ್ಟಿಗೆ ತನ್ನದು, ಹೆಸರು ತನ್ನದು, ಬೇರೆ ಯಾರಿಗೂ ಮೂರು ಬೆರಳಿನ ಉಂಡೆ ಕೊಡುವಂತಿಲ್ಲ. ಜೊತೆಗೆ ಒಂದು ಮರದ ಅಚ್ಚು ಕೊಟ್ಟು ಕಳಿಸಿದ. ಹಿಡಿಕೆ ಇದ್ದ ಅಚ್ಚು. ಕೆಳಗೆ ಮೂರು ಬೆರಳು ಕೆತ್ತಿಸಿದ್ದ, ಮೂರೂ ಒಂದೇ ಉದ್ದ.

“ಇದ್ಯಾಕ?” ಎಂದು ಏಕಾಂತಪ್ಪ ಮಗನನ್ನು ಕೇಳಿದ.

“ನಿಮ್ಮ ಬೆರಳು ಉಂಡಿಗೊಂದು ನಮೂನಿ ಬೀಳ್ತಾವಂತ. ಪೆಟಗಿ ಮ್ಯಾಲಿನ ಚಿತ್ರಕ್ಕ ಹೊಂದಂಗಿಲ್ಲಂತ. ಎಲ್ಲಾ ಒಂದ ಥರ ಇರಬೇಕಂತ.”

ಏಕಾಂತಪ್ಪ ಅಚ್ಚನ್ನು ತಿರುಗಿಸಿ ನೋಡಿದ. “ನಡುವಿನ ಬೆರಳು ಉದ್ದ ಇರ್ತೈತಿ ಅನ್ನೂದು ಗೊತ್ತಿಲ್ಲೇನು ಅವಂಗ?” ಎಂದ.

ಪೆರಂಬೂರಿಗೆ ಯಾರೂ ಹೋಗಲಿಲ್ಲ. ಮನೆಯಲ್ಲಿ ಸಣ್ಣ ಪಾತ್ರೆ ಅಟ್ಟ ಸೇರಿತು. ಏಕಾಂತಪ್ಪ ಎಲ್ಲರಿಗೆ ಮಾಡಿದ ಅನ್ನವನ್ನೇ ಉಂಡ, ತಟ್ಟೆ ತೊಳೆದು ಕುಡಿದ, ಮಾತು ಕಡಿಮೆ ಮಾಡಿದ. ಬಚ್ಚಲಿಗೆ ಭವಾನಿ ಹೊಸ ಸೋಪು ತಂದಿಟ್ಟಳು. ಅವನು ಅದನ್ನು ಮುಟ್ಟಲೂ ಇಲ್ಲ, ಎಸೆಯಲೂ ಇಲ್ಲ.

ಒಂದು ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ತಾಂಬರಂ ಟ್ರೇನು ಹತ್ತಿದರು. ಶೆಡ್ಡಿನಲ್ಲಿ ಬಸಿದ ವಿಭೂತಿ ಹದಕ್ಕೆ ಬಂದಿತ್ತು. ಏಕಾಂತಪ್ಪ ಮಣೆಯ ಮೇಲೆ ಕೂತು ಉಂಡೆ ಕಟ್ಟಿ ಮುಂದೆ ಇಡುತ್ತಿದ್ದ. ಎದುರಿಗೆ ಕೂತ ಗಿರಿಜಾದೇವಿ ಅಚ್ಚು ಒತ್ತಿ ಹಲಗೆಗೆ ಸಾಲು ಹಚ್ಚುತ್ತಿದ್ದಳು. ಗೋಶಾಲೆಯಲ್ಲಿ ದನಗಳಿಗೆ ಹುಲ್ಲು ಹಾಕುತ್ತಿದ್ದರು. ಸ್ವಲ್ಪ ಹೊತ್ತು ಕೆಲಸ ಸರಾಗವಾಗಿ ಸಾಗಿತು. ಆಮೇಲೆ ಅವಳ ಕೈಗೆ ಬಂದ ಉಂಡೆಯ ಮೇಲೆ ಮೂರು ಬೆರಳು ಮೂಡಿದ್ದವು, ನಡುವಿನದು ಉದ್ದವಾಗಿ.

“ಒತ್ತಬ್ಯಾಡ್ರಿ ಅಂದೆ.”

“ನಾ ಒತ್ತಲಿಲ್ಲ. ಕೈ ತಾನ ಹೋತು.”

“ಹಿಂದಿನವು ಎರಡೂ ಹಂಗ ಅದಾವ. ವಾಪಸ್ ಬಂದ್ರ ಕೂಲಿ ಹಿಡೀತಾನ.”

“ಕೈ ತಾನ ಹೋಗ್ತೈತಿ ಗಿರಿಜಾ. ನಾ ಏನ್ ಮಾಡ್ಲಿ?”

ಅವಳು ಒದ್ದೆ ಬಟ್ಟೆ ಹಿಂಡಿದಳು. ಮೂರು ಗುಳಿಗಳನ್ನೂ ತೀಡಿ ಸಮ ಮಾಡಿದಳು. ಅದರ ಮೇಲೆ ಅಚ್ಚಿಟ್ಟು ಹಿಡಿಕೆಯ ಮೇಲೆ ಭಾರ ಹಾಕಿದಳು. ಉಂಡೆಯನ್ನು ಸಾಲಿಗೆ ಸೇರಿಸಿದಳು.

“ಮುಂದಿಂದು ಕೊಡ್ರಿ,” ಎಂದಳು.